ದೊಡ್ಡ ದೇಶದ ಪ್ರವಾಸ: ವಿಮಾನ ಹತ್ತಿದರೆ ಬೇಗ ತಲುಪುತ್ತೇವೆಯೇ?

ದೂರ ಹೆಚ್ಚಿದ್ದರೆ ವಿಮಾನವೇ ಬೇಗ ಎಂಬುದು ಹಲವರ ನಂಬಿಕೆ. ಭಾರತದಂಥ ದೊಡ್ಡ ದೇಶದಲ್ಲಿ ಇದು ಅರ್ಧ ಸತ್ಯ. ನಾವು ಹೋಗಬೇಕಾದದ್ದು ವಿಮಾನ ನಿಲ್ದಾಣಕ್ಕಲ್ಲ, ಒಂದು ಊರಿಗೆ. ರಾಯಚೂರು ಜಿಲ್ಲೆಯ ದೇವದುರ್ಗವನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ವಿಮಾನವೋ, ರೈಲೋ?

ಬೆಂಗಳೂರಿನಿಂದ ಹೈದರಾಬಾದಿಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ಮುಂಚಿತವಾಗಿ ತಲುಪಿ ಕಾಯುವುದು, ಇಳಿದ ಮೇಲೆ ರಾಯಚೂರಿಗೆ ಸುಮಾರು 200 ಕಿ.ಮೀ. ರಸ್ತೆ ಪ್ರಯಾಣ ಇವನ್ನೆಲ್ಲ ಕೂಡಿಸಿದರೆ ಎಂಟೊಂಬತ್ತು ಗಂಟೆ ಆಗುತ್ತದೆ. ಬೆಂಗಳೂರಿನಿಂದ ಸುಮಾರು 400 ಕಿ.ಮೀ. ದೂರದ ರಾಯಚೂರಿಗೆ ರಾತ್ರಿ ರೈಲಿನಲ್ಲೂ ಏಳೆಂಟು ಗಂಟೆಯೇ. ಖರ್ಚು ಕಡಿಮೆ, ನಿದ್ದೆಯೂ ಆಗುತ್ತದೆ.

ರಾಯಚೂರಿಗೆ ಈ ಅನುಕೂಲ ಹಳೆಯದು. ಮುಂಬೈ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ಇಲ್ಲಿಯೇ. ಇಂದಿಗೂ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್, ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಎರಡೂ ಈ ದಾರಿಯಲ್ಲೇ ಓಡುತ್ತವೆ.

ಕೊನೆಯ 55 ಕಿ.ಮೀ.

ದೇವದುರ್ಗಕ್ಕೆ ರೈಲು ಇಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಅದು ಮುಂದೆ ಸೇರಬೇಕಾದದ್ದು ಮಾನ್ವಿ ಮೂಲಕ ರಾಯಚೂರನ್ನು. ದೇವದುರ್ಗ ಆ ಮಾರ್ಗದಲ್ಲೂ ಇಲ್ಲ. ಹಾಗಾಗಿ ರಾಯಚೂರಿನಿಂದ ಸುಮಾರು 55 ಕಿ.ಮೀ. ಬಸ್ಸೇ ಗತಿ.

ರೈಲು ಗಂಟೆಗೆ ಸರಾಸರಿ 60 ಕಿ.ಮೀ. ಓಡಿದರೆ 400 ಕಿ.ಮೀ.ಗೆ 6 ಗಂಟೆ 40 ನಿಮಿಷ. ಅದೇ 70ಕ್ಕೆ ಏರಿದರೆ ಉಳಿಯುವುದು 57 ನಿಮಿಷ. ಆದರೆ ರಾಯಚೂರಿನಲ್ಲಿ ಕಣ್ಣೆದುರೇ ಬಸ್ಸು ಹೊರಟುಹೋಗಿ, ಮುಂದಿನದಕ್ಕೆ ಒಂದು ಗಂಟೆ ಕಾದರೆ ಆ ಉಳಿತಾಯ ಅಲ್ಲಿಗೇ ಮುಗಿಯಿತು. ಕೊನೆಯ ಬಸ್ಸೇ ತಪ್ಪಿದರೆ ಹೋಗುವುದು ಇಡೀ ರಾತ್ರಿ.

ಸುತ್ತಾಡುವುದು ಹೇಗೆ?

ಹಳೆಯ ದೇವಾಲಯಗಳಿರುವ ಗಬ್ಬೂರು ದೇವದುರ್ಗದ ದಾರಿಯಲ್ಲೇ ಸಿಗುತ್ತದೆ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಪತ್ತೆಯಾದ ಮಸ್ಕಿಗೆ ಮಾನ್ವಿ, ಸಿಂಧನೂರು ಮೂಲಕ ಹೋಗಬಹುದು. ಎರಡೂ ದಾರಿ ಬೇರೆ ಬೇರೆ. ಒಂದೇ ದಿನದಲ್ಲಿ ಎರಡನ್ನೂ ನೋಡಬೇಕೆಂದರೆ ಬಾಡಿಗೆ ಕಾರು ಒಳ್ಳೆಯದು. ನಾಲ್ಕು ಜನರಿದ್ದರೆ ಬಾಡಿಗೆ ಹಂಚಿಹೋಗುತ್ತದೆ. ಒಬ್ಬರೇ ಇದ್ದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಅಗ್ಗ.

ಎಲ್ಲ ಮಹಿಳೆಯರಿಗೂ ಎಲ್ಲ ಬಸ್ಸೂ ಉಚಿತ ಎಂದು ತಿಳಿಯಬೇಡಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ, ಅದೂ ರಾಜ್ಯದ ಒಳಗೆ. ಪಕ್ಕದಲ್ಲೇ ಇದ್ದರೂ ಮಂತ್ರಾಲಯ ಆಂಧ್ರಪ್ರದೇಶಕ್ಕೆ ಸೇರಿದ್ದು. ಅಲ್ಲಿಗೆ ಹೋಗುವ ಬಸ್ಸಿಗೆ ಟಿಕೆಟ್ ತೆಗೆಯಲೇಬೇಕು.

ಹಾಗಾದರೆ ಏನು ಮಾಡಬೇಕು?

ಯೋಜನೆಯನ್ನು ಕೊನೆಯಿಂದ ಶುರು ಮಾಡಿ. ಮೊದಲು ಆ ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಬಸ್ ನಿಲ್ದಾಣದಲ್ಲಿ ವಿಚಾರಿಸಿ, ಅದಕ್ಕೆ ಹೊಂದುವ ರೈಲು ಆರಿಸಿ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹಬ್ಬದ ಸಮಯವಾದರೆ ತಡ ಮಾಡಬೇಡಿ. ರಾಯಚೂರಿಗೆ ನಸುಕಿನಲ್ಲಿ ಇಳಿಯುವ ರೈಲಾದರೆ ಇಡೀ ದಿನದ ಬಸ್ಸುಗಳು ನಿಮ್ಮ ಮುಂದಿರುತ್ತವೆ. ಪ್ರವಾಸಿಗೆ ಇದು ಒಂದು ದಿನದ ಲೆಕ್ಕ. ಆಸ್ಪತ್ರೆಗೋ ಕಾಲೇಜಿಗೋ ರಾಯಚೂರಿಗೆ ಬಂದ ದೇವದುರ್ಗದವರು ಪ್ರತಿ ಸಂಜೆ ಹಾಕುವ ಲೆಕ್ಕವೂ ಇದೇ.