ಗಣಕಯಂತ್ರದ ಮುಂದೆ ಯಾರು ಕೂರಬೇಕು?

2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದ ದಿನಗಳಲ್ಲಿ ನಮ್ಮಂತಹ ಅನೇಕ ವರ್ತಕರು ಮೊದಲ ಬಾರಿಗೆ ಗಣಕಯಂತ್ರ ಕೊಂಡರು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲಂತೂ ಅದು ಅನಿವಾರ್ಯವೇ ಆಯಿತು. ಯಂತ್ರ ಕೊಳ್ಳುವಾಗ ಹತ್ತು ಕಡೆ ವಿಚಾರಿಸುವ ನಾವು, ಅದರ ಮುಂದೆ ಕೂರಿಸುವವರನ್ನು ಆರಿಸುವಾಗ ಮಾತ್ರ "ಹುಡುಗ ಚುರುಕು" ಎಂಬ ಒಂದೇ ಮಾತಿಗೆ ತೃಪ್ತರಾಗುತ್ತೇವೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮನಶ್ಶಾಸ್ತ್ರಜ್ಞರು ಸ್ವಭಾವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ: ಹೊಸದರ ಕುತೂಹಲ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಆತಂಕ. ಅಮೆರಿಕದ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 1991ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅವರು ನೋಡಿದ ಎಲ್ಲ ಬಗೆಯ ಉದ್ಯೋಗಗಳಲ್ಲಿಯೂ ಉತ್ತಮ ಕೆಲಸದೊಡನೆ ಹೊಂದಿಬಂದ ಗುಣ ಕರ್ತವ್ಯನಿಷ್ಠೆ. ಬಹಿರ್ಮುಖತೆ ನೆರವಾದದ್ದು ಮಾರಾಟ ಮತ್ತು ವ್ಯವಸ್ಥಾಪನೆಯ ಕೆಲಸಗಳಿಗೆ.

ಲೆಕ್ಕಪತ್ರದ ವಿಷಯದಲ್ಲಿ ಇದು ಹಣದ ಪ್ರಶ್ನೆ. ಮಾರಿದವರು ತಮ್ಮ ರಿಟರ್ನಿನಲ್ಲಿ ಬಿಲ್ಲನ್ನು ತೋರಿಸದಿದ್ದರೆ ಕೊಂಡವರಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ಇಲ್ಲವೆಂಬ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಒಬ್ಬರ ಬಿಲ್ಲನ್ನು ಅವಸರದಲ್ಲಿ ಇನ್ನೊಬ್ಬರ ನೋಂದಣಿ ಸಂಖ್ಯೆಗೆ ನಮೂದಿಸಿದರೆ ಯಂತ್ರ ತಡೆಯುವುದಿಲ್ಲ. ಸಂಖ್ಯೆ ಸರಿಯಾದದ್ದೇ, ಗಿರಾಕಿ ಮಾತ್ರ ಬೇರೆ.

ನಮ್ಮ ಕಛೇರಿಯಲ್ಲಿಯೇ ಹೀಗಾಗಿ ಹಳೆಯ ಗಿರಾಕಿಯೊಬ್ಬರು ಪಾವತಿ ತಡೆಹಿಡಿದರು. ತಪ್ಪನ್ನು ಪತ್ತೆ ಹಚ್ಚಿದವರು, ಯಂತ್ರ ಮುಟ್ಟಲು ಹಿಂಜರಿಯುತ್ತಿದ್ದ ನಮ್ಮ ಹಿರಿಯ ಗುಮಾಸ್ತರು. ಕೆಟ್ಟುಹೋದೀತೆಂಬ ಭಯವನ್ನು ನಾನು ಅಸಾಮರ್ಥ್ಯವೆಂದು ತಿಳಿದಿದ್ದೆ. ತಾಳ್ಮೆಯಿಂದ ಕಲಿಸಿದ ಮೇಲೆ ಖಾತೆಗಳೆಲ್ಲ ಅವರ ಕೈಗೆ ಬಂದವು. ಚುರುಕಿನ ಹುಡುಗ ಈಗ ದರಪಟ್ಟಿ ಹಾಗೂ ಗಿರಾಕಿಗಳೊಡನೆ ಪತ್ರವ್ಯವಹಾರ ನೋಡುತ್ತಾನೆ, ಇಬ್ಬರಿಗೂ ನೆಮ್ಮದಿ.

ಹಾಗೆಂದು ನೌಕರರಿಗೆ ಹಣೆಪಟ್ಟಿ ಹಚ್ಚಬಾರದು. ಸ್ವಭಾವವೆಂಬುದು ಒಲವೇ ಹೊರತು ವಿಧಿಯಲ್ಲ. ಪ್ರಶ್ನಾವಳಿಗಿಂತ ಒಂದು ತಿಂಗಳ ಕೆಲಸವನ್ನು ಗಮನಿಸುವುದು ಮೇಲು. ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್ ಇರಲಿ. ಒಬ್ಬರು ನಮೂದಿಸಿದ್ದನ್ನು ರಿಟರ್ನ್ ಸಲ್ಲಿಸುವ ಮುನ್ನ ಇನ್ನೊಬ್ಬರು ನೋಡಲಿ. ಎಷ್ಟೇ ನಿಷ್ಠಾವಂತರಾದರೂ ಕಣ್ಣು ತಪ್ಪುವುದುಂಟು.

ಯಂತ್ರ ಹಳತಾದರೆ ಹೊಸದು ಕೊಳ್ಳಬಹುದು. ಕಳೆದುಕೊಂಡ ಗಿರಾಕಿಯ ವಿಶ್ವಾಸ ಅಂಗಡಿಯಲ್ಲಿ ಸಿಗುವುದಿಲ್ಲ. ಸದಸ್ಯ ಬಾಂಧವರು ಮುಂದಿನ ನೇಮಕಾತಿಗೆ ಮುನ್ನ ಈ ಬಗ್ಗೆ ಯೋಚಿಸುವುದು ಒಳಿತು.