ತಪ್ಪಿನ ಭಯ ಬಿಡಿಸುವ ನಾದಾಭ್ಯಾಸ

ನಿವೃತ್ತಿಯ ನಂತರ ಹಾರ್ಮೋನಿಯಂ ಕಲಿಯಲು ಕುಳಿತುಕೊಳ್ಳುವ ಹಿರಿಯರು ನಮ್ಮ ಭಜನಾ ಮಂಡಳಿಗಳಲ್ಲಿ ಅನೇಕರಿದ್ದಾರೆ. ವಚನದ ಸ್ವರಗಳನ್ನು ಬರೆದುಕೊಂಡು, ನೋಡಿ ನುಡಿಸುವುದರಲ್ಲಿಯೇ ಅವರ ಕಲಿಕೆ ಮುಗಿಯುತ್ತದೆ. ಹಾಳೆ ಸರಿದರೆ ಕೈ ನಿಲ್ಲುತ್ತದೆ. ಸ್ವರ ತಪ್ಪಿದರೆ ಮುಖ ಬಾಡುತ್ತದೆ. ಕೆಲವರು ಸಂಕೋಚದಿಂದ ಭಜನೆಗೆ ಬರುವುದನ್ನೇ ಬಿಡುತ್ತಾರೆ. ಮನಸ್ಸಿನ ನೆಮ್ಮದಿಗೆಂದು ಕೈಗೊಂಡ ಅಭ್ಯಾಸವೇ ಚಿಂತೆಗೆ ಕಾರಣವಾಗಬಾರದು. ಆದುದರಿಂದ ಮನೋಧರ್ಮದಿಂದ ನುಡಿಸುವುದನ್ನು ಮೊದಲ ತಿಂಗಳಿನಿಂದಲೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಮನೋಧರ್ಮವು ಪಂಡಿತರಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ಸರಿಯಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರು. ಅವರ ಆಶ್ರಯದಲ್ಲಿ ಕಲಿತ ಅಂಧ ಮಕ್ಕಳಿಗೆ ಕಿವಿಯೇ ಗ್ರಂಥವಾಯಿತು. ಕಣ್ಣುಳ್ಳವರೂ ಹಾಳೆಯನ್ನು ಬದಿಗಿಟ್ಟಾಗಲೇ ಕಿವಿ ತೆರೆಯುತ್ತದೆ.

ಅಮೆರಿಕದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಎಂಬ ಸಂಶೋಧಕರು 2008ರಲ್ಲಿ ಜಾಝ್ ಪಿಯಾನೋ ವಾದಕರ ಮೆದುಳನ್ನು ಪರೀಕ್ಷಿಸಿದರು. ಕಂಠಪಾಠದ ವಾದನಕ್ಕಿಂತ ಸ್ವಂತ ಕಲ್ಪನೆಯಿಂದ ನುಡಿಸುವಾಗ, ತನ್ನನ್ನು ತಾನೇ ತಿದ್ದಿಕೊಳ್ಳುವ ಕಾರ್ಯಕ್ಕೆ ಸಂಬಂಧಿಸಿದ ಮೆದುಳಿನ ಮುಂಭಾಗದ ಪ್ರದೇಶಗಳ ಚಟುವಟಿಕೆ ತಗ್ಗಿತ್ತು. ಅವರು ನುರಿತ ವಾದಕರಾಗಿದ್ದರು, ಸಂಖ್ಯೆಯೂ ಕೇವಲ ಆರು. ಆದ್ದರಿಂದ ಇದನ್ನು ರೋಗಕ್ಕೆ ಮದ್ದೆಂದು ಭಾವಿಸಬಾರದು. ವೈದ್ಯರು ಕೊಟ್ಟ ಔಷಧವನ್ನು ಬಿಡಲೂ ಬಾರದು. ಆದರೂ ತನ್ನ ತಪ್ಪನ್ನೇ ಎಣಿಸುತ್ತಿರುವ ಮನಸ್ಸಿಗೆ ಈ ಅಭ್ಯಾಸ ಬಿಡುವು ನೀಡಬಲ್ಲದೆಂಬುದು ನನ್ನ ನಂಬಿಕೆ.

ಆರಂಭಕ್ಕೆ ಭೂಪಾಲಿ ರಾಗ ಯೋಗ್ಯ. ಅದರಲ್ಲಿ ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು. ಸಂಜೆ ಲಿಂಗಪೂಜೆಯ ನಂತರ ಹದಿನೈದು ನಿಮಿಷ ಸಾಕು. ಮೊದಲ ವಾರ ಸ, ರಿ, ಗ ಮೂರನ್ನೇ ಬಳಸಬೇಕು. ಒಂದು ಉಸಿರಿನಷ್ಟು ಗುನುಗಿ, ಅದನ್ನೇ ಬೆರಳಿನಿಂದ ಹುಡುಕಬೇಕು. ಮೊಮ್ಮಕ್ಕಳು ಹಾಡಿದ ತುಣುಕಿಗೆ ವಾದ್ಯದಲ್ಲಿ ಉತ್ತರ ಕೊಡಬೇಕು. ಬೆರಳು ತಪ್ಪಿದರೆ ನಿಲ್ಲಿಸದೆ, ಪಕ್ಕದ ಸ್ವರಕ್ಕೆ ಜಾರಿ ಷಡ್ಜಕ್ಕೆ ಮರಳಬೇಕು. ಮಂಡಿನೋವುಳ್ಳವರು ಕುರ್ಚಿಯಲ್ಲಿ ಕುಳಿತು, ಬೆನ್ನನ್ನು ನೇರವಾಗಿಟ್ಟು ನುಡಿಸಬಹುದು.

ಇದರಿಂದ ವಚನದ ಅರ್ಥಕ್ಕೆ ಭಂಗ ಬಂದೀತೆಂದು ಕೆಲವರು ಶಂಕಿಸಬಹುದು. ವಚನವನ್ನು ಹಾಡುವಾಗ ಅಕ್ಷರಕ್ಕೇ ಪ್ರಾಧಾನ್ಯವಿರಲಿ. ಕಲ್ಪನೆಯ ವಾದನ ವಚನದ ಮುನ್ನ, ನುಡಿಗಳ ನಡುವೆ ಇರಲಿ. ಕಲಿಸುವವರಲ್ಲಿ ನನ್ನ ಬಿನ್ನಹವಿಷ್ಟೆ: ಹಿರಿಯರ ಬೆರಳು ತಪ್ಪಿದಾಗ ಕೂಡಲೇ ತಡೆಯದಿರಿ. ಅವರು ತಾವಾಗಿಯೇ ಷಡ್ಜಕ್ಕೆ ಮರಳುವವರೆಗೆ ಕಾಯಿರಿ.