ನಾಯಿಗೂ ಒಂದು ಔಷಧದ ಡಬ್ಬಿ

ಎತ್ತಿನ ಹೆಗಲು ಬಾತರೆ ಊರೆಲ್ಲ ಓಡಾಡುವ ನಾವು, ಈ ಜತ್ತ ಸೀಮೆಯಲ್ಲಿ ಕುರಿಹಿಂಡಿಗಾಗಿ ತೋಳಕ್ಕೆ ಎದುರು ನಿಂತ ನಾಯಿಯ ಗಾಯಕ್ಕೆ ಸುಣ್ಣ ಮೆತ್ತಿ ಸುಮ್ಮನಾಗುತ್ತೇವೆ. ಇದು ನ್ಯಾಯವಲ್ಲ.

ದನದ ಡಾಕ್ಟರರು ಸಿಗುವತನಕ ಕೈಗೊದಗುವಂತೆ ತಗಡಿನ ಡಬ್ಬಿಯೊಂದಿರಲಿ: ಸೋಪು, ಹತ್ತಿ, ಪೋವಿಡೋನ್ ಅಯೋಡಿನ್, ಉಣ್ಣಿ ಕೀಳುವ ಚಿಮಟಿಗೆ, ಒಗೆದ ಧೋತರದ ಪಟ್ಟಿಗಳು. ಮೂತಿ ಕಟ್ಟಲು ಉದ್ದನ್ನ ಪಟ್ಟಿ ಬೇರೆಯೇ ಬೇಕು. ನೋವಿನಲ್ಲಿ ನಾಯಿ ಸಾಕಿದವನನ್ನೂ ಕಚ್ಚೀತು. ವಾಂತಿ, ಏದುಸಿರು ಇದ್ದರೆ ಮಾತ್ರ ಕಟ್ಟಬಾರದು.

ನಮ್ಮ ನೋವಿನ ಗುಳಿಗೆಗಳನ್ನು ಕೊಡಲೇಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬಾಟಲಿಗಳಿಗೆ ಕನ್ನಡದ ಚೀಟಿಯನ್ನು ಮಕ್ಕಳಿಂದಲೇ ಬರೆಸಿ, ಓದೂ ಆದೀತು.

ಯಾವ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸೋಪುನೀರಿನಿಂದ ತೊಳೆದು ಅಂದೇ ದವಾಖಾನೆಗೆ ನಡೆಯಿರಿ. ನಾಯಿಗೆ ಹುಚ್ಚಿನ ಲಸಿಕೆ ಹಾಕಿಸಿದ ಕಾರ್ಡೂ ಆ ಡಬ್ಬಿಯಲ್ಲೇ ಇರಲಿ.